ಬಳಪಕ್ಕೆ ಮುನ್ನ ಬೆರಳು

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರದ ಜೊತೆ ಹೊನ್ನಾವರದಿಂದ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೊರಟಿದ್ದ. ದಾರಿಯ ಒಂದು ದೇವಸ್ಥಾನದ ಮಂಟಪದಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ನೋಡಿ ಬರೆದಿಟ್ಟ. ಒಬ್ಬ ರಾಗವಾಗಿ ಪಾಠ ಹೇಳುತ್ತ, ನೆಲದಲ್ಲಿ ಹರಡಿದ ನುಣ್ಣನೆಯ ಮರಳಿನ ಮೇಲೆ ಬೆರಳಿನಿಂದ ಅಂಕಿ ಮೂಡಿಸುತ್ತಿದ್ದ. ಉಳಿದವರೂ ಹಾಡಿ ಹಾಗೆಯೇ ಬರೆಯುತ್ತಿದ್ದರು. ಕೂಲಿಮಠದ, ಅಂದರೆ ಹಳೆಯ ಕಾಲದ ಊರಶಾಲೆಯ, ಈ ಮರಳನ್ನು ನಾವು ಸಾಮಾನ್ಯವಾಗಿ ಬಡತನದ ಗುರುತೆಂದು ಓದುತ್ತೇವೆ: ಕಾಗದವಿರಲಿಲ್ಲ, ಮರಳಿತ್ತು, ಅಷ್ಟೆ. ದಾಖಲೆಗಳನ್ನು ಕೂಡಿಸಿ ನೋಡಿದರೆ ಆ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ. ಮರಳು, ಹಲಗೆ, ಓಲೆ ಎಂಬ ಕ್ರಮದಲ್ಲಿ ಎಳೆಯ ಕೈಯನ್ನು ಹಂತಹಂತವಾಗಿ ಪಳಗಿಸುವ ತಿಳಿವಳಿಕೆಯೂ ಇತ್ತು ಎಂಬುದು ನನ್ನ ವಾದ.

ಇದಕ್ಕೆ ಒಳ್ಳೆಯ ಸಾಕ್ಷಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಮದ್ರಾಸಿನ ರೆವೆನ್ಯೂ ಬೋರ್ಡಿಗೆ ಕಳುಹಿಸಿದ ವರದಿ. ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು. ಯುರೋಪಿನಲ್ಲಿ ಮಗು ಅಕ್ಷರವನ್ನು ಬಾಯಲ್ಲಿ ಹೇಳಿ ಕಲಿತರೆ ಇಲ್ಲಿ ಮರಳಿನ ಮೇಲೆ ಬೆರಳಾಡಿಸಿ, ಅಂದರೆ ಬರೆದೇ ಕಲಿಯುತ್ತದೆ ಎಂದು ಅವನು ಗಮನಿಸುತ್ತಾನೆ. ಮರಳಿನಲ್ಲಿ ಬೆರಳು ಪಳಗಿದ ಮೇಲಷ್ಟೇ ಮುಂದಿನ ಸಾಧನಗಳು: ಕಾಗದದ ಮೇಲೆ ಲೇಖನಿ, ಓಲೆಯ ಮೇಲೆ ಕಬ್ಬಿಣದ ಕಂಟ, ಇಲ್ಲವೇ ಹಲಗೆ ಮತ್ತು ಕಡತದ ಮೇಲೆ ಬಳಪ. ಹೆಚ್ಚು ಬಳಕೆಯಲ್ಲಿದ್ದವು ಕೊನೆಯ ಎರಡು. ಸುಮಾರು ಒಂದಡಿ ಅಗಲ, ಮೂರಡಿ ಉದ್ದದ ಮರವನ್ನು ನಯಗೊಳಿಸಿ, ಅನ್ನ ಮತ್ತು ಇದ್ದಿಲ ಪುಡಿ ಸವರಿದರೆ ಹಲಗೆ ಸಿದ್ಧ. ಗಂಜಿ ಹಾಕಿ ಬಿರುಸಾಗಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ ಇದ್ದಿಲು, ಅಂಟು ಬಳಿದರೆ ಕಡತ. ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಿತ್ತು.

ಅಗ್ಗವೆಂಬ ಕಾರಣ ಸಾಲದೆನ್ನುವುದು ಇಲ್ಲಿಯೇ. ಕಾಗದದ ಬದಲು ಮರಳೇಕೆ ಎಂಬುದಕ್ಕೆ ಅದು ಉತ್ತರವಾದೀತು. ಆದರೆ ಮನೆಯ ಅನ್ನ, ಒಲೆಯ ಇದ್ದಿಲಿನಿಂದ ಆಗುವ ಹಲಗೆಯೂ ದುಬಾರಿಯಲ್ಲ. ಅದು ಕೈಗೆಟುಕುವಂತಿದ್ದರೂ ಮಗುವನ್ನು ಮೊದಲು ಮರಳಿನಲ್ಲೇ ತಿದ್ದಿಸುತ್ತಿದ್ದರು. ಐದು ವರ್ಷದ ಮಗುವಿನ ಮಣಿಕಟ್ಟಿನ ಕಿರುಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಒಂದಾಗಿ ಕಡ್ಡಿ ಹಿಡಿಯುವ ಹಿಡಿತ ಆಗಷ್ಟೇ ಕೂಡಿಬರುತ್ತಿರುತ್ತದೆ. ಇಂಥ ಕೈಗೆ ಅಕ್ಷರದ ಆಕಾರ ಕಲಿಯುವುದು ಒಂದು ಕಷ್ಟ, ಕಡ್ಡಿ ಹಿಡಿಯುವುದು ಇನ್ನೊಂದು. ಮರಳು ಇವೆರಡನ್ನು ಬೇರ್ಪಡಿಸಿತು. 'ಅ'ದ ಸುತ್ತು ಎಲ್ಲಿಂದ ಹೊರಟು ಎಲ್ಲಿ ತಿರುಗುತ್ತದೆಂಬುದು ಮೊದಲು ತೋಳಿಗೂ ಬೆರಳಿಗೂ ರೂಢಿಯಾಗುತ್ತಿತ್ತು. ಬಳಪದ ಹಿಡಿತ ಆಮೇಲೆ. ಎಲ್ಲಕ್ಕಿಂತ ಕಠಿಣವಾದದ್ದು ಓಲೆ. ಎಡಗೈಯಲ್ಲಿ ಗರಿ ಹಿಡಿದು, ಎಡ ಹೆಬ್ಬೆರಳಿನ ಆಸರೆಯಲ್ಲಿ ಕಂಟವನ್ನು ನಡೆಸಬೇಕು. ಒತ್ತಿದರೆ ಗರಿ ಸೀಳುತ್ತದೆ, ಒತ್ತದಿದ್ದರೆ ಗೀರು ಮೂಡದು. ಮಸಿ ಉಜ್ಜುವ ತನಕ ಬರೆದದ್ದು ಸರಿಯಾಗಿ ಕಾಣುವುದೂ ಇಲ್ಲ. ಅಲ್ಲಿ ಒರೆಸಿ ತಿದ್ದುವ ಮಾತೇ ಇಲ್ಲ.

ಹಾಗಾದರೆ ಕೂಲಿಮಠವನ್ನು ಹೊಗಳಿ ಪೀಠದ ಮೇಲೆ ಕೂರಿಸುವುದೇ ಎಂದು ಕೇಳಬಹುದು. ಖಂಡಿತ ಅಲ್ಲ. ಮಕ್ಕಳು ಅರ್ಥ ತಿಳಿಯದೆ ಕಾವ್ಯ ಬಾಯಿಪಾಠ ಮಾಡುತ್ತಾರೆಂದು ಕ್ಯಾಂಬೆಲನೇ ದೂರುತ್ತಾನೆ. ತಪ್ಪಿದವರನ್ನು ಹೊಡೆಯುವುದು, ಕೈಗೆ ಹಗ್ಗ ಕಟ್ಟಿ ಮಾಡಿಗೆ ನೇತುಹಾಕುವುದು ಅವನ ವರದಿಯಲ್ಲಿವೆ. ನಮ್ಮ ಹಿರಿಯರಿಗೆ ಈ 'ಕೋದಂಡ'ದ ಶಿಕ್ಷೆ ಎಂದರೆ ನಡುಕ ಹುಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಅದಕ್ಕಿಂತ ದೊಡ್ಡ ದೋಷ, ಬಾಗಿಲು ಕೆಲವರಿಗಷ್ಟೇ ತೆರೆದಿತ್ತು. ಆ 6,641 ಮಂದಿಯಲ್ಲಿ ಹುಡುಗಿಯರು 60. ಮನೆಯಂಗಳದಲ್ಲಿ ಚುಕ್ಕಿಯಿಟ್ಟು, ಹಿಟ್ಟು ಹಿಡಿದು ಎಳೆ ಎಳೆಯುವ ಹುಡುಗಿಯ ಬೆರಳು ಮಠದ ಯಾವ ಹುಡುಗನಿಗೂ ಕಡಿಮೆಯಿರಲಿಲ್ಲ. ಆದರೆ ಆ ಬೆರಳಿಗೆ ಅಕ್ಷರ ಕೊಡಲಿಲ್ಲ. ಕೈಯ ಕ್ರಮ ಸರಿಯಾಗಿತ್ತು ಎಂದರೆ ಮಠದ ಮಿಕ್ಕೆಲ್ಲವೂ ಸರಿಯಾಗಿತ್ತು ಎಂದಾಗುವುದಿಲ್ಲ.

ಮರಳಿನ ಈ ಪದ್ಧತಿ ಕಡಲು ದಾಟಿದ ಬಗೆಯೂ ಕುತೂಹಲದ್ದೇ. ಮದ್ರಾಸಿನ ಅನಾಥಾಲಯವೊಂದರ ಹೊಣೆ ಹೊತ್ತಿದ್ದ ಪಾದ್ರಿ ಆಂಡ್ರೂ ಬೆಲ್, ಅಲ್ಲಿನ ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲೂ ಅಳವಡಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿಗೆ ಅದು ಹಿಡಿಸಿದ್ದು ಮುಖ್ಯವಾಗಿ ಖರ್ಚಿನ ಲೆಕ್ಕದಿಂದ. ಎಳೆಯ ಕೈಯ ದೃಷ್ಟಿಯಿಂದ ಇದೇ ಪ್ರಶ್ನೆಯನ್ನು ಎತ್ತಿಕೊಂಡವಳು ನೂರು ವರ್ಷದ ಮೇಲೆ ಬಂದ ಮಾರಿಯಾ ಮಾಂಟೆಸರಿ. 1907ರಲ್ಲಿ ರೋಮ್ ನಗರದಲ್ಲಿ ಶಾಲೆ ತೆರೆದ ಅವಳು ಉಪ್ಪುಕಾಗದದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿದಳು, ಪೆನ್ಸಿಲ್ ಹಿಡಿಯುವ ಅಭ್ಯಾಸವನ್ನು ಬೇರೆಯಾಗಿಯೇ ಮಾಡಿಸಿದಳು. ಅವಳು ನಮ್ಮಿಂದ ಕಲಿತಳೆಂದು ಹೆಮ್ಮೆಪಡಲು ಆಧಾರವಿಲ್ಲ. ವೈದ್ಯಶಿಕ್ಷಣ ಪಡೆದ ಅವಳೂ ಹಳ್ಳಿಯ ಮಠದಲ್ಲಿ ಪಾಠ ಹೇಳುವ ಐಗಳೂ ಒಂದೇ ವಯಸ್ಸಿನ ಕೈಯನ್ನು ದಿನವೂ ನೋಡುತ್ತಿದ್ದರು. ಇಬ್ಬರಿಗೂ ಕಂಡದ್ದು ಒಂದೇ.

ಈಗ ಮೂರು ತುಂಬಿದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು, ನಾಲ್ಕು ಗೆರೆಯ ಪುಸ್ತಕದೊಳಗೆ ಅಕ್ಷರ ಕೂರಿಸೆನ್ನುವ ಶಾಲೆಗಳಿವೆ. ಹೋಂವರ್ಕ್ ಬರೆಸಲಿಲ್ಲವೆಂದು ಜಗಳಕ್ಕೆ ಬರುವ ತಂದೆತಾಯಂದಿರೂ ಇದ್ದಾರೆ. ಪುಸ್ತಕ ಬೇಡವೆಂದಲ್ಲ, ಅದಕ್ಕೆ ಸಮಯವಿದೆ. ಅಂಗನವಾಡಿಗಾಗಲಿ ಎಲ್‌ಕೆಜಿಗಾಗಲಿ ಒಂದು ತಟ್ಟೆ ಮರಳು ತರಿಸಿ, ಒಂದು ವರ್ಷ ಮಕ್ಕಳ ಬೆರಳಿಗೆ ಬಿಟ್ಟುಕೊಡಿ.