ನೂರೆಂಟು ಪಲ್ಲೆ, ಒಂದು ತಕ್ಕಡಿ

ಪುಷ್ಯ ಮಾಸದ ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಸೀಮೆಯ ದಾರಿಗಳೆಲ್ಲ ಬನಶಂಕರಿಯ ಕಡೆಗೆ ತಿರುಗುತ್ತವೆ. ಚೊಳಚಗುಡ್ಡದ ಈ ಜಾತ್ರೆ ತೇರಿಗೆ ಹೆಸರಾದಂತೆಯೇ ವಾರಗಟ್ಟಲೆ ನಡೆಯುವ ನಾಟಕಗಳಿಗೂ ಹೆಸರಾದದ್ದು. ಆದರೆ ಜಾತ್ರೆಯ ವೇಳೆಯ ಇನ್ನೊಂದು ಆಚರಣೆಯತ್ತ ಹೊರಗಿನವರ ಗಮನ ಹೋಗುವುದು ಕಡಿಮೆ. ಅದು ಪಲ್ಲೇದ ಹಬ್ಬ. ಆ ದಿನ ದೇವಿಗೆ 108 ಬಗೆಯ ಕಾಯಿಪಲ್ಲೆಯ ಅಡುಗೆ ನೈವೇದ್ಯವಾಗುತ್ತದೆ. ಬನಶಂಕರಿಯನ್ನು ಶಾಕಂಭರಿಯೆಂದೂ ಕರೆಯುತ್ತಾರೆ. ನೂರು ವರ್ಷ ಮಳೆಯಿಲ್ಲದೆ ಲೋಕ ಹಸಿದಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಜೀವಿಗಳನ್ನು ಸಾಕಿದ ತಾಯಿ ಅವಳೆಂದು ಪುರಾಣ ಹೇಳುತ್ತದೆ.

ಇಂಥ ದೇವಿ ಈ ನೆಲದಲ್ಲಿ ನೆಲೆಸಿದ್ದು ಆಕಸ್ಮಿಕವೆನಿಸುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಬರವನ್ನು ಕಂಡುಂಡ ಊರುಗಳು. 1876ರಿಂದ 1878ರವರೆಗಿನ ಮಹಾ ಕ್ಷಾಮದಲ್ಲಿ ಈ ಊರುಗಳು ಸೇರಿದ್ದ ಆಗಿನ ಕಲಾದಗಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲೇ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಅನ್ನ ಕಾಣದೆ ಜನ ಊರು ಬಿಟ್ಟ ಕಾಲ ಅದು. ಹಸಿರು ಎಲೆಯ ಬೆಲೆ ಇಂಥ ಸೀಮೆಗಲ್ಲದೆ ಬೇರಾರಿಗೆ ಗೊತ್ತಾದೀತು?

ಆ ಬೆಲೆ ಇಲ್ಲಿನ ಊಟದಲ್ಲಿ ಇಂದಿಗೂ ಕಾಣುತ್ತದೆ. ಹುನಗುಂದದ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಎದ್ದು ನಿಂತಾಗ ಎಳೆಯ ಕಡಲೆ ತಪ್ಪಲು, ಕುಸುಬೆ ತಪ್ಪಲು, ಹಕ್ಕರಕಿ ಮನೆಗೆ ಬರುತ್ತವೆ. ಹಕ್ಕರಕಿಗೆ ಒಲೆಯೂ ಬೇಡ. ರೊಟ್ಟಿಯ ಜೊತೆ ಹಸಿಯಾಗಿ ತಿಂದರೇ ರುಚಿ. ಮಲಪ್ರಭೆಯ ದಂಡೆಯಲ್ಲಿ ಬಾಳೆ, ಎಲೆಬಳ್ಳಿ, ಕಾಯಿಪಲ್ಲೆ. ಘಟಪ್ರಭೆಯ ಬದಿಯ ಕಲಾದಗಿಯಲ್ಲಿ ಚಿಕ್ಕು, ದಾಳಿಂಬೆ, ಲಿಂಬೆ. ಬನಶಂಕರಿಯ ಗುಡಿಯ ಮುಂದೆ ಇಳಕಲ್ಲ ಸೀರೆಯುಟ್ಟ ಹೆಣ್ಣುಮಕ್ಕಳು ಬುಟ್ಟಿಯಿಂದ ರೊಟ್ಟಿ, ಝುಣಕ, ಕೆನೆಮೊಸರು ತೆಗೆದು ಬಡಿಸುವುದನ್ನು ಉಂಡವರು ಮರೆಯಲಾರರು. ಮಾಡಿದವರ ಕೈಯಿಂದ ನೇರವಾಗಿ ಉಣ್ಣುವವರ ಕೈಗೆ, ನಡುವೆ ಇನ್ನೊಬ್ಬರಿಲ್ಲ.

ಆದರೆ ಹೊಲದ ಕಾಯಿಪಲ್ಲೆಗೆ ಈ ಭಾಗ್ಯ ಸಿಗುವುದು ಅಪರೂಪ. ನಸುಕಿನಲ್ಲಿ ಕಿತ್ತ ಬದನೆ, ಮೆಂತ್ಯೆ ಪೇಟೆಗೆ ಬರುತ್ತದೆ, ಸವಾಲಿಗೆ ನಿಲ್ಲುತ್ತದೆ, ಕೂಗಿದ ಬೆಲೆಗೆ ಹೋಗುತ್ತದೆ. ಬೆಲೆ ಗಿಟ್ಟಲಿಲ್ಲವೆಂದು ಮನೆಗೆ ಹೊತ್ತೊಯ್ದರೆ ಸಂಜೆಗೆ ಬಾಡಿರುತ್ತದೆ. ಜೋಳವನ್ನಾದರೆ ಹಗೇವಿನಲ್ಲಿಟ್ಟು ಬೆಲೆಗೆ ಕಾಯಬಹುದು. ಮೆಂತ್ಯೆ ಸಿವುಡು ಕಾಯುವುದಿಲ್ಲ. ಬೆಳೆದವನ ಈ ಅವಸರವೇ ಕೊಳ್ಳುವವನ ಬಂಡವಾಳ. ಬೆಳೆದವರೆಲ್ಲ ಒಂದಾಗಿ ತಮ್ಮದೇ ತಕ್ಕಡಿ ಹಿಡಿದರೆ ಹೇಗೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಒಂದಾಗುವುದು ಈ ನೆಲಕ್ಕೆ ಹೊಸತಲ್ಲ. ಹುನಗುಂದ ತಾಲ್ಲೂಕಿನ ಐಹೊಳೆ ಗುಡಿಗಳ ಊರಷ್ಟೇ ಆಗಿರಲಿಲ್ಲ. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರೂ ಹೌದು. ದಕ್ಷಿಣ ಭಾರತದ ಉದ್ದಗಲಕ್ಕೂ ಇವರ ಶಾಸನಗಳಿವೆ. ಸುಮಾತ್ರಾ ದ್ವೀಪದಲ್ಲಿ ದೊರೆತ, 1088ನೆಯ ಇಸವಿಯ ತಮಿಳು ಶಾಸನವೊಂದು ಕೂಡ ಐನೂರ್ವರ ಹೆಸರು ಹೇಳುತ್ತದೆ. ತಮ್ಮ ನಡೆನುಡಿಯ ಕಟ್ಟನ್ನು ಅವರು ‘ವೀರಬಣಂಜು ಧರ್ಮ’ವೆಂದು ಕರೆದುಕೊಂಡರು. ಆದರೆ ಒಂದು ಮಾತನ್ನು ಗಮನಿಸಬೇಕು. ಇದು ಮಾರುವವರ ಸಂಘ, ಬೆಳೆಯುವವರದಲ್ಲ. ಒಗ್ಗಟ್ಟಿನ ಬಲವನ್ನು ಪೇಟೆ ಸಾವಿರ ವರ್ಷಗಳ ಹಿಂದೆಯೇ ಅರಿತಿತ್ತು.

ಹೊಲ ಆ ಪಾಠ ಕಲಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಅದೂ ದೂರದಲ್ಲಲ್ಲ, ಬಾದಾಮಿಯ ದಕ್ಷಿಣಕ್ಕೆ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರ ಜುಲೈ 8ರಂದು ಅಲ್ಲಿ ನೋಂದಣಿಯಾದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಗಿದೆ. ಬರ ಮತ್ತು ಸಾಲ ಕೂಡಿ ರೈತನನ್ನು ಸಾಹುಕಾರನ ಬಾಗಿಲಿಗೆ ಕಟ್ಟಿಹಾಕಿದ್ದ ದಿನಗಳಲ್ಲಿ ಈ ಸಂಘ ಅವನಿಗೆ ಇನ್ನೊಂದು ಬಾಗಿಲು ತೆರೆಯಿತು.

ಆದರೆ ಈ ಸಂಘಕ್ಕೆ ಆಧಾರವಾದ 1904ರ ಕಾಯಿದೆ ಪತ್ತಿನ ಸಂಘಗಳಿಗೆ, ಅಂದರೆ ಸಾಲ ಕೊಡುವ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. ಕೊಳ್ಳುವ, ಮಾರುವ, ತಯಾರಿಸುವ ಸಂಘಗಳಿಗೆ ದಾರಿಯಾದದ್ದು 1912ರ ಕಾಯಿದೆಯಿಂದ. ಹೀಗೆ ನಮ್ಮ ಸಹಕಾರ ಮೊದಲು ಕಲಿತದ್ದು ಹಣದ ಲೆಕ್ಕ. ಬಾಗಲಕೋಟೆ, ಇಳಕಲ್ಲಗಳ ಬೀದಿಗಳಲ್ಲಿ ಇಂದಿಗೂ ಪತ್ತಿನ ಸಹಕಾರಿಗಳ ಫಲಕಗಳಿಗೆ ಬರವಿಲ್ಲ. ಕಾಯಿಪಲ್ಲೆಯ ಸಹಕಾರಿ ಫಲಕ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು.

ಇಂಗ್ಲೆಂಡಿನಲ್ಲಿ ಆದದ್ದು ಇದಕ್ಕೆ ತಿರುವುಮುರುವು. ಮ್ಯಾಂಚೆಸ್ಟರಿನ ಸಮೀಪದ ರಾಚ್‌ಡೇಲ್ ಎಂಬ ಊರಿನಲ್ಲಿ 28 ಜನ ನೇಕಾರರೂ ಇತರ ಕಸಬುದಾರರೂ ಹಣ ಕೂಡಿಸಿ 1844ರ ಡಿಸೆಂಬರ್ 21ರಂದು ಪುಟ್ಟ ಅಂಗಡಿ ತೆರೆದರು. ಅಲ್ಲಿ ಮಾರಿದ್ದು ಬಟ್ಟೆಯನ್ನಲ್ಲ. ಹಿಟ್ಟು, ಬೆಣ್ಣೆ, ಸಕ್ಕರೆ. ಕಲಬೆರಕೆಯಿಲ್ಲದ ಪದಾರ್ಥ, ಸರಿಯಾದ ತೂಕ, ಕೊಂಡಷ್ಟಕ್ಕೆ ತಕ್ಕ ಲಾಭದ ಪಾಲು. ಇಂದಿನ ಸಹಕಾರ ಚಳವಳಿ ತನ್ನ ಮೂಲವನ್ನು ಆ ಅಂಗಡಿಯಲ್ಲಿ ಕಾಣುತ್ತದೆ. ಇಳಕಲ್ಲ, ಗುಳೇದಗುಡ್ಡಗಳ ನೇಕಾರರಿಗೆ ಸಹಕಾರ ಸಂಘವೆಂದರೆ ನೂಲು ಮತ್ತು ಸೀರೆ ನೆನಪಾಗುತ್ತವೆ. ರಾಚ್‌ಡೇಲಿನ ನೇಕಾರರು ಅದನ್ನು ಆರಂಭಿಸಿದ್ದು ಅಡುಗೆಮನೆಯಿಂದ.

ಕಾಯಿಪಲ್ಲೆ ಬೇಗ ಕೆಡುತ್ತದೆ, ಅದಕ್ಕೇ ಸಹಕಾರ ಒಗ್ಗದು ಎನ್ನುವವರಿದ್ದಾರೆ. ಹಾಲು ಅದಕ್ಕಿಂತ ಬೇಗ ಕೆಡುತ್ತದೆ. ಆದರೂ 1946ರಲ್ಲಿ ಗುಜರಾತಿನ ಖೇಡಾದಲ್ಲಿ ಹುಟ್ಟಿದ ಹಾಲಿನ ಸಹಕಾರ ದೇಶವೆಲ್ಲ ಹಬ್ಬಿತು. 1974ರಿಂದ ಕರ್ನಾಟಕದ ಹಳ್ಳಿಗಳಲ್ಲೂ ಬೇರೂರಿತು. ತೊಡಕು ಕೆಡುವುದರಲ್ಲಿ ಇಲ್ಲ. ಹಾಲು ಒಂದೇ ಪದಾರ್ಥ; ಅಳೆದು, ಕೊಬ್ಬಿನ ಅಂಶ ನೋಡಿ ಬೆಲೆ ಕಟ್ಟಬಹುದು. ಕಾಯಿಪಲ್ಲೆ ನೂರೆಂಟು, ಒಂದೊಂದಕ್ಕೂ ಬೇರೆ ಹಂಗಾಮು, ಬೇರೆ ಗುಣ, ಬೇರೆ ಬೆಲೆ. ಪಲ್ಲೇದ ಹಬ್ಬದಲ್ಲಿ ಸಂಪತ್ತಾಗಿ ಕಾಣುವುದೇ ಲೆಕ್ಕದ ಪುಸ್ತಕದಲ್ಲಿ ತೊಡಕಾಗುತ್ತದೆ.

ಈ ತೊಡಕನ್ನು ಬಿಡಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಹಾಪ್‌ಕಾಮ್ಸ್ 1959ರಲ್ಲಿ ಹುಟ್ಟಿದ್ದು ಕೇವಲ ದ್ರಾಕ್ಷಿ ಬೆಳೆಗಾರರ ಸಂಘವಾಗಿ, ಲಾಲ್‌ಬಾಗಿನ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿ ಅದರ ಬೆನ್ನಿಗಿತ್ತು. ಒಂದು ಬೆಳೆಯಲ್ಲಿ ಕೈ ಕುದುರಿದ ಮೇಲೆ ಅದು ಉಳಿದ ಹಣ್ಣು, ತರಕಾರಿಗಳಿಗೆ ಕೈಚಾಚಿತು. ದಿನಕ್ಕೊಂದು ದರ ನಿಗದಿ ಮಾಡಿ, ರೈತನ ಮಾಲನ್ನು ತೂಗಿ ಕೊಂಡು, ತನ್ನದೇ ಮಳಿಗೆಗಳಲ್ಲಿ ಮಾರುವುದು ಅದರ ಪದ್ಧತಿ. ಇತ್ತೀಚಿನ ವರ್ಷಗಳಲ್ಲಿ ಅದರ ಹಲವು ಮಳಿಗೆಗಳು ಮುಚ್ಚಿವೆ ಎಂಬುದೂ ನಿಜ. ಒಮ್ಮೆ ಕಟ್ಟಿದ ಸಂಘ ತಾನಾಗಿ ಉಳಿಯದು. ಬೆಳೆದವನು ಅಲ್ಲಿಗೇ ತಂದು ಹಾಕಬೇಕು, ಉಣ್ಣುವವನು ಅಲ್ಲಿಯೇ ಕೊಳ್ಳಬೇಕು.

ಬಾಗಲಕೋಟೆ ಜಿಲ್ಲೆ 1997ರಲ್ಲಿ ವಿಜಾಪುರದಿಂದ ಬೇರೆಯಾಯಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಪೇಟೆಯ ಬಹುಭಾಗವನ್ನು ಬಿಟ್ಟುಕೊಟ್ಟು ನವನಗರ ಕಟ್ಟಿಕೊಂಡಿತು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೇ ಇಲ್ಲಿಗೆ ಬಂತು. ಬೆಳೆಯ ಜ್ಞಾನವುಂಟು, ಪತ್ತಿನ ಸಂಘಗಳಲ್ಲಿ ಹಣವುಂಟು, ಉಣ್ಣುವ ಪಟ್ಟಣಗಳೂ ಉಂಟು. ಕೂಡಿಸುವ ಕೈಗಳು ಬೇಕಾಗಿವೆ. ನೂರೆಂಟನ್ನೂ ಒಮ್ಮೆಗೇ ಹಿಡಿಯಬೇಕಿಲ್ಲ. ಕಲಾದಗಿಯ ಚಿಕ್ಕುವಿನಿಂದಲೋ ಹುನಗುಂದದ ತಪ್ಪಲಿನಿಂದಲೋ ತೊಡಗಿದರೆ ಸಾಕು.

ಇದು ರೈತನ ಲಾಭದ ಮಾತಷ್ಟೇ ಅಲ್ಲ. ಬೆಲೆ ಸಿಗದ ಬೆಳೆಯನ್ನು ರೈತ ಕೈಬಿಡುತ್ತಾನೆ; ಅವನು ಬಿಟ್ಟದ್ದು ಕೆಲವೇ ವರ್ಷಗಳಲ್ಲಿ ನಮ್ಮ ತಾಟಿನಿಂದಲೂ ಮರೆಯಾಗುತ್ತದೆ. ಹಾಗಾದರೆ ಮುಂದೊಂದು ಬನದ ಹುಣ್ಣಿಮೆಗೆ ದೇವಿಯ ಮುಂದಿಡುವ 108 ಪಲ್ಲೆಗಳನ್ನು ದೂರದ ಪೇಟೆಯಿಂದ ತರಿಸಬೇಕಾದೀತು. ಬರದಲ್ಲಿ ಲೋಕವನ್ನು ಸಾಕಿದವಳಿಗೆ ಅವಳ ಮಣ್ಣಿನದೇ ಹಸಿರು ಸಲ್ಲಬೇಕಾದರೆ, ವರ್ಷಕ್ಕೊಮ್ಮೆ ಗುಡಿಯಲ್ಲಿ ಕೂಡುವ ಜನ ಉಳಿದ ದಿನಗಳಲ್ಲಿ ತಕ್ಕಡಿಯ ಮುಂದೆಯೂ ಕೂಡಬೇಕು.