ಐದು ವಾಟ್‌ನ ಘರ್ಜನೆ

ಹಳೆಯ ವಾಲ್ವ್ ರೇಡಿಯೋ ನೋಡಿದ್ದೀರಾ? ಗುಂಡಿ ತಿರುಗಿಸಿದೊಡನೆ ಅದು ಹಾಡುವುದಿಲ್ಲ. ಒಳಗಿನ ಗಾಜಿನ ವಾಲ್ವ್‌ಗಳು ಮೊದಲು ಬಿಸಿಯಾಗಬೇಕು. ಇಂಥವೇ ವಾಲ್ವ್‌ಗಳಿಂದ ಅಮೆರಿಕದ ಫೆಂಡರ್ ಕಂಪನಿ 1940ರ ದಶಕದ ಕೊನೆಯಲ್ಲಿ, ಗಿಟಾರ್ ಕಲಿಯುವವರಿಗೆಂದು ಪುಟ್ಟ ಆಂಪ್ಲಿಫೈಯರೊಂದನ್ನು ತಯಾರಿಸಿತು. ಮುಂದೆ ‘ಚಾಂಪ್’ ಎಂದು ಹೆಸರಾದ ಈ ಪೆಟ್ಟಿಗೆಯ ಶಕ್ತಿ ಸುಮಾರು 5 ವಾಟ್.

1965ರ ಸುಮಾರಿಗೆ ಇಂಗ್ಲೆಂಡಿನ ಮಾರ್ಷಲ್ ಕಂಪನಿ 100 ವಾಟ್‌ನ ಯಂತ್ರ ತಂದಿತು. ಅಲ್ಲಿಗೆ ಕಲಿಯುವವರ ಪೆಟ್ಟಿಗೆಯ ಕಾಲ ಮುಗಿಯಿತೆನ್ನಿಸುವುದಲ್ಲವೇ? ಹಾಗಾಗಲಿಲ್ಲ. 1970ರಲ್ಲಿ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ‘ಲೈಲಾ’ ಧ್ವನಿಮುದ್ರಣಕ್ಕೆ ಎರಿಕ್ ಕ್ಲಾಪ್ಟನ್ ಬಳಸಿದ್ದು ಇದೇ ಪುಟ್ಟ ಚಾಂಪ್ ಅನ್ನು.

ಕಾರಣ ವಿಜ್ಞಾನದಲ್ಲಿದೆ. ವಾಲ್ವ್‌ಗೆ ಅದರ ಮಿತಿ ಮೀರಿದ ಸಂಕೇತ ಕೊಟ್ಟರೆ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ. ಮೂಲ ಸ್ವರದ ಎರಡರಷ್ಟು, ಮೂರರಷ್ಟು ಆವೃತ್ತಿಯ ಸ್ವರಗಳು ಜೊತೆಗೂಡುತ್ತವೆ. ರಾಕ್ ಗಿಟಾರಿನ ಒರಟು, ತುಂಬು ನಾದ ಹುಟ್ಟುವುದು ಹೀಗೆ. 100 ವಾಟ್‌ನ ಯಂತ್ರವನ್ನು ಆ ಮಿತಿಗೆ ಒಯ್ದರೆ ಕೋಣೆಯಲ್ಲಿ ನಿಲ್ಲಲಾಗದು. 5 ವಾಟ್‌ನದು ಬೇಗನೆ ಅಲ್ಲಿಗೆ ತಲಪುತ್ತದೆ. ಎದುರಿಗೆ ಮೈಕ್ ಇಟ್ಟರಾಯಿತು.

ಹಾಗೆಂದು 5 ವಾಟ್ ಪಿಸುಮಾತಲ್ಲ. ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿದರೂ ಕಿವಿಗೆ ಸದ್ದು ಕಡಿಮೆಯಾಗುವುದು ಸುಮಾರು ಅರ್ಧದಷ್ಟು ಮಾತ್ರ. ಮನೆಯಲ್ಲಿ ಅಭ್ಯಾಸಕ್ಕೆ ಅದೂ ಹೆಚ್ಚೇ. 100 ವಾಟ್‌ಗೆ ಹೆಸರಾದ ಮಾರ್ಷಲ್ ಕಂಪನಿಯೇ ತನ್ನ 50ನೇ ವರ್ಷದಲ್ಲಿ, ಅಂದರೆ 2012ರಲ್ಲಿ, 1 ವಾಟ್‌ನ ವಾಲ್ವ್ ಆಂಪ್ಲಿಫೈಯರ್‌ಗಳನ್ನು ಹೊರತಂದಿತು.

ಮುಂದೆ ಯಾವುದಾದರೂ ಧ್ವನಿಮುದ್ರಿಕೆಯಲ್ಲಿ ಗಿಟಾರ್ ಗರ್ಜಿಸಿದರೆ, ಹಿಂದೆ ಬೆಟ್ಟದಂಥ ಯಂತ್ರವೇ ಇದೆಯೆಂದು ತಿಳಿಯಬೇಡಿ. ಕಲಿಯುವವರ ಪೆಟ್ಟಿಗೆಯೊಂದು ತನ್ನ ಶಕ್ತಿಯನ್ನೆಲ್ಲ ಸುರಿದು ಹಾಡುತ್ತಿರಬಹುದು.