ಹಂಚಿಕೊಂಡ ಲೆಕ್ಕ

ನಾಳೆಯ ಮಳೆಯ ಸುದ್ದಿ ನಾಡಿದ್ದು ತಲುಪಿದರೆ ನಿಮಗೇನು ಪ್ರಯೋಜನ? ಹವಾಮಾನದ ಲೆಕ್ಕವು ಸರಿಯಾಗಿದ್ದರೆ ಸಾಲದು. ಮೋಡ ಬರುವ ಮುನ್ನವೇ ಮುಗಿಯಬೇಕು.

ಇಂಗ್ಲೆಂಡಿನ ಲೂಯಿಸ್ ರಿಚರ್ಡ್‌ಸನ್ನರು 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಉಪಾಯವನ್ನು ಕಲ್ಪಿಸಿದರು. ವಿಶಾಲವಾದ ಸಭಾಂಗಣ, ಗೋಡೆಗಳ ತುಂಬ ಭೂಪಟ, ಒಂದೊಂದು ಪ್ರದೇಶದ ಲೆಕ್ಕಕ್ಕೂ ಪ್ರತ್ಯೇಕ ಲೆಕ್ಕಿಗರು. ಒಟ್ಟು 64,000 ಮಂದಿ! ಪ್ರತಿಯೊಬ್ಬರೂ ನೆರೆಯವರ ಅಂಕಿಗಳನ್ನು ನೋಡಿಕೊಂಡೇ ಮುಂದುವರಿಯಬೇಕು. ನಡುವಿನ ಎತ್ತರದ ಪೀಠದಿಂದ ಮೇಲ್ವಿಚಾರಕನು ಮುಂದೋಡುವವರ ಮೇಲೆ ಗುಲಾಬಿ ಬೆಳಕನ್ನೂ ಹಿಂದುಳಿದವರ ಮೇಲೆ ನೀಲಿ ಬೆಳಕನ್ನೂ ಬೀರುವನು.

ಆ ಸಭಾಂಗಣವನ್ನು ಯಾರೂ ಕಟ್ಟಲಿಲ್ಲ. ಆದರೆ ಲೆಕ್ಕಿಗರ ಸ್ಥಾನಕ್ಕೆ ಯಂತ್ರಗಳು ಬಂದವು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿ ರೂಪುಗೊಂಡ ‘ಫ್ಲೋಸಾಲ್ವರ್’ ಗಾಳಿಯ ಹರಿವಿನ ಲೆಕ್ಕವನ್ನು ಹಲವು ಸಂಸ್ಕಾರಕಗಳಿಗೆ ಹಂಚಿತು. ಅದರ ಮುಂದಿನ ಪೀಳಿಗೆ ಹವಾಮಾನದ ಮುನ್ಸೂಚನೆಗೂ ಒದಗಿತು. 1994ರಲ್ಲಿ ಅಮೆರಿಕದ ನಾಸಾ ಸಂಸ್ಥೆಯಲ್ಲಿ ಸ್ಟರ್ಲಿಂಗ್ ಮತ್ತು ಬೆಕರ್ ಎಂಬುವರು ಅಂಗಡಿಯಲ್ಲಿ ಸಿಗುವಂಥ ಬಿಡಿಭಾಗಗಳಿಂದಲೇ 16 ಗಣಕಯಂತ್ರಗಳ ಸಮೂಹವೊಂದನ್ನು ಕಟ್ಟಿ ‘ಬೇಯೊವುಲ್ಫ್’ ಎಂದು ಹೆಸರಿಟ್ಟರು. ಬಡ ಪ್ರಯೋಗಶಾಲೆಗೂ ಮಹಾಗಣಿತ ಕೈಗೆಟುಕಿತು.

ಹಾಗೆಂದು ಕೈಗಳು ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುವುದೆಂದು ತಿಳಿಯಬೇಡಿ. 1967ರಲ್ಲಿ ಜೀನ್ ಆಮ್‌ಡಾಲರು ಮುಂದಿಟ್ಟ ವಾದದ ಸಾರವಿದು: ಕೆಲಸದ ಹತ್ತರಲ್ಲೊಂದು ಪಾಲು ಹಂಚಲು ಬಾರದ್ದಾದರೆ, ಸಾವಿರ ಯಂತ್ರಗಳು ಕೂಡಿದರೂ ವೇಗವು ಹತ್ತು ಪಟ್ಟನ್ನು ಮೀರದು. ಹಂಚಿದ ಪಾಲಿನಲ್ಲೂ ತೊಡಕುಂಟು. ಒಂದು ಯಂತ್ರ ತಡಮಾಡಿದರೆ ಅದರ ಅಂಕಿಗಾಗಿ ನೆರೆಯವು ಕಾಯುತ್ತವೆ. ಅವುಗಳಿಗಾಗಿ ಮಿಕ್ಕವು ಕಾಯುತ್ತವೆ.

ಆದುದರಿಂದ ಯಂತ್ರಗಳನ್ನು ಕೂಡಿಸುವುದಕ್ಕಿಂತ ಕೆಲಸವನ್ನು ಸಮನಾಗಿ ಹಂಚುವುದೇ ದೊಡ್ಡ ವಿದ್ಯೆ. ಮುಂದೆ ಹವಾಮಾನದ ವರದಿ ಕೇಳುವಾಗ ರಿಚರ್ಡ್‌ಸನ್ನರ ಆ ನೀಲಿ ಬೆಳಕನ್ನು ನೆನೆಯಿರಿ.